ಹಾಲು ಬಿಡಿಸಿದ ಹಂದಿಮರಿಗೆ ಆಂಟಿಬಯಾಟಿಕ್ ಇಲ್ಲದ ಆಹಾರ: ಯಾವ ಪೂರಕ ಯಾವ ಕೆಲಸಕ್ಕೆ

ಹುಟ್ಟಿದ ಮೊದಲ ಕೆಲವು ದಿನಗಳನ್ನು ಬಿಟ್ಟರೆ, ಹಂದಿಮರಿಯ ಬದುಕಿನಲ್ಲಿ ಅತ್ಯಂತ ಅಪಾಯದ ಕಾಲವೆಂದರೆ ತಾಯಿಯ ಹಾಲು ಬಿಡಿಸಿದ ನಂತರದ ಎರಡು ವಾರ. ತನ್ನಷ್ಟಕ್ಕೆ ಬದುಕುವ ತಾಯಿಹಂದಿ ಮರಿಗಳಿಗೆ ಹಾಲೂಡುವುದನ್ನು ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡುತ್ತ ಬಂದು, ಮೂರರಿಂದ ನಾಲ್ಕು ತಿಂಗಳ ಹೊತ್ತಿಗೆ ಪೂರ್ತಿಯಾಗಿ ನಿಲ್ಲಿಸುತ್ತದೆ. ಅಷ್ಟರಲ್ಲಿ ಮರಿ ಬೇರು, ಹುಲ್ಲು, ಕಾಳು ಎಲ್ಲವನ್ನೂ ತಿಂದು ಅರಗಿಸಿಕೊಳ್ಳಲು ಕಲಿತಿರುತ್ತದೆ. ಸಾಕಣೆ ಕೇಂದ್ರಗಳಲ್ಲಿ ಇದೇ ಬದಲಾವಣೆ ಮೂರು ನಾಲ್ಕು ವಾರದ ಮರಿಯ ಮೇಲೆ ಒಂದೇ ದಿನದಲ್ಲಿ ಬಂದೆರಗುತ್ತದೆ. ತಾಯಿ ಕಣ್ಮರೆಯಾಗುತ್ತದೆ, ಕೊಟ್ಟಿಗೆ ಬದಲಾಗುತ್ತದೆ, ಬೇರೆ ಬೇರೆ ಸೂಲಿನ ಮರಿಗಳು ಒಟ್ಟಿಗೆ ಸೇರಿ ಕಾದಾಡುತ್ತವೆ, ಬೆಚ್ಚಗಿನ ಹಾಲಿನ ಜಾಗದಲ್ಲಿ ಒಣ ಆಹಾರ ಬರುತ್ತದೆ. ತಾಯಿಹಾಲಿನ ಮೂಲಕ ದಿನವೂ ಕರುಳಿಗೆ ಸಿಗುತ್ತಿದ್ದ ರಕ್ಷಕ ಪ್ರತಿಕಾಯಗಳೂ ಅದೇ ದಿನ ನಿಂತುಹೋಗುತ್ತವೆ. ಮರಿಯ ಸ್ವಂತ ರೋಗನಿರೋಧಕ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ.

ಈ ಎರಡು ವಾರಗಳನ್ನು ದಾಟಿಸಲು ದಶಕಗಳ ಕಾಲ ಬಳಕೆಯಲ್ಲಿದ್ದ ಉಪಾಯ ಸರಳವಾಗಿತ್ತು: ಆಹಾರದಲ್ಲೇ ಆಂಟಿಬಯಾಟಿಕ್ ಬೆರೆಸುವುದು. ಆ ಬಾಗಿಲು ಈಗ ಒಂದೊಂದಾಗಿ ಹಲವು ದೇಶಗಳಲ್ಲಿ ಮುಚ್ಚುತ್ತಿದೆ. ಅದರ ಜಾಗಕ್ಕೆ ಆಮ್ಲಗಳು, ಕರುಳಿಗೆ ಹಿತವಾದ ಜೀವಂತ ಸೂಕ್ಷ್ಮಾಣುಗಳಾದ ಪ್ರೋಬಯಾಟಿಕ್‌ಗಳು, ಕಿಣ್ವಗಳು, ಸಸ್ಯಸಾರಗಳು, ಯೀಸ್ಟ್ ಉತ್ಪನ್ನಗಳು ಹೀಗೆ ಹತ್ತಾರು ಪೂರಕಗಳು ಬಂದಿವೆ, ಮತ್ತು ಪ್ರತಿಯೊಂದರ ಚೀಲದ ಮೇಲೂ ‘ಕರುಳಿನ ಆರೋಗ್ಯಕ್ಕೆ’ ಎಂಬ ಒಂದೇ ಮಾತು ಇರುತ್ತದೆ. ಇವುಗಳಲ್ಲಿ ಯಾವುದೂ ಆಂಟಿಬಯಾಟಿಕ್ ಮಾಡುತ್ತಿದ್ದ ಅಷ್ಟೂ ಕೆಲಸವನ್ನು ಒಂಟಿಯಾಗಿ ಮಾಡುವುದಿಲ್ಲ. ಒಂದೊಂದೂ ಕರುಳಿನ ಒಂದೊಂದು ಜಾಗದಲ್ಲಿ, ಒಂದೊಂದು ತೊಡಕಿನ ಮೇಲೆ ಕೆಲಸ ಮಾಡುತ್ತದೆ. ಆದ್ದರಿಂದ ‘ಯಾವ ಪೂರಕ ಒಳ್ಳೆಯದು’ ಎಂದು ಕೇಳುವ ಮೊದಲು, ಮರಿಯ ಹೊಟ್ಟೆಯೊಳಗೆ ಏನು ಕೆಡುತ್ತಿದೆ ಎಂದು ಕೇಳಬೇಕು.

ಮರಿಯ ಹೊಟ್ಟೆಯಲ್ಲಿ ಏನಾಗುತ್ತದೆ

ಮೊದಲ ತೊಡಕು ಜಠರದಲ್ಲಿದೆ. ಬೆಳೆದ ಹಂದಿಯ ಜಠರ ಧಾರಾಳವಾಗಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ರವಿಸುತ್ತದೆ. ಹಾಲು ಕುಡಿಯುವ ಮರಿಗೆ ಆ ಸಾಮರ್ಥ್ಯ ಇನ್ನೂ ಕಡಿಮೆ. ಅದರ ಜಠರ ಹುಳಿಯಾಗಿರುವುದು ಬಹುಮಟ್ಟಿಗೆ ಹಾಲಿನ ಲ್ಯಾಕ್ಟೋಸ್ ಸಕ್ಕರೆಯನ್ನು ಹಿತಕರ ಬ್ಯಾಕ್ಟೀರಿಯಾಗಳಾದ ಲ್ಯಾಕ್ಟೋಬ್ಯಾಸಿಲಸ್‌ಗಳು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುವುದರಿಂದ. ಹಾಲು ನಿಂತಾಗ ಆ ಆಮ್ಲದ ಮೂಲವೂ ನಿಲ್ಲುತ್ತದೆ, ಸ್ವಂತ ಆಮ್ಲ ಸಾಕಷ್ಟು ಬರಲು ಇನ್ನೂ ಹಲವು ವಾರ ಬೇಕು. ಪ್ರೋಟೀನನ್ನು ಒಡೆಯುವ ಪೆಪ್ಸಿನ್ ಕಿಣ್ವ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ (ಹುಳಿಯ ಅಳತೆ; ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 2ರಿಂದ 3.5ರ ನಡುವೆ, ಹಾಲು ಬಿಡಿಸಿದ ಮರಿಯ ಜಠರದ ಪಿಎಚ್ ಹಲವು ಬಾರಿ 4ರ ಮೇಲೆಯೇ ಇರುತ್ತದೆ. ಇದರಿಂದ ಎರಡು ನಷ್ಟ. ಪ್ರೋಟೀನ್ ಅರೆಬರೆ ಜೀರ್ಣವಾಗಿ ಮುಂದಕ್ಕೆ ಸಾಗುತ್ತದೆ, ಮತ್ತು ಆಹಾರ ನೀರಿನ ಜೊತೆ ಒಳಬಂದ ರೋಗಾಣುಗಳು ಜಠರದಲ್ಲೇ ಸಾಯದೆ ಕರುಳನ್ನು ತಲುಪುತ್ತವೆ.

ಎರಡನೆಯ ತೊಡಕು ಸಣ್ಣ ಕರುಳಿನ ಒಳಗೋಡೆಯಲ್ಲಿ. ಅಲ್ಲಿ ಆಹಾರವನ್ನು ಹೀರಿಕೊಳ್ಳುವ ಕೆಲಸ ಮಾಡುವುದು ಸೂಕ್ಷ್ಮವಾದ ಬೆರಳಿನಾಕಾರದ ವಿಲ್ಲೈಗಳು. ಅವು ಕರುಳಿನೊಳಗೆ ಹರಿಯುವ ಆಹಾರದಿಂದಲೇ ನೇರವಾಗಿ ಪೋಷಣೆ ಪಡೆಯುತ್ತವೆ. ಹಾಲು ಬಿಡಿಸಿದ ಮೇಲೆ ಅನೇಕ ಮರಿಗಳು ಒಂದು ದಿನ, ಕೆಲವು ಎರಡು ದಿನದವರೆಗೂ ಏನನ್ನೂ ತಿನ್ನುವುದಿಲ್ಲ. ಈ ಉಪವಾಸ ವಿಲ್ಲೈಗಳಿಗೆ ಮಾಡುವ ಹಾನಿ ಬಲು ಬೇಗ ಕಾಣಿಸುತ್ತದೆ: ಮೊದಲ ಇಪ್ಪತ್ತನಾಲ್ಕು ಗಂಟೆಯಲ್ಲೇ ಅವುಗಳ ಎತ್ತರ ಕುಗ್ಗತೊಡಗುತ್ತದೆ, ಐದು ದಿನದೊಳಗೆ ಅರ್ಧದಷ್ಟಕ್ಕೆ ಇಳಿದದ್ದೂ ದಾಖಲಾಗಿದೆ. ಹೀರುವ ಮೈ ಹೀಗೆ ಅರ್ಧವಾದಾಗ, ಆಗಲೇ ಅರೆಬರೆ ಜೀರ್ಣವಾಗಿದ್ದ ಆಹಾರ ಇನ್ನಷ್ಟು ಉಳಿದು ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ಉಳಿದ ಪ್ರೋಟೀನನ್ನು ಸೂಕ್ಷ್ಮಾಣುಗಳು ಕೊಳೆಸಿ ಅಮೋನಿಯಾ, ಅಮೈನ್ ಮುಂತಾದ ಹಾನಿಕರ ವಸ್ತುಗಳನ್ನು ಹುಟ್ಟಿಸುತ್ತವೆ. ಇವು ಕರುಳನ್ನು ಕೆರಳಿಸುತ್ತವೆ.

ಮೂರನೆಯದು ರೋಗಾಣು. ಹಾಲು ಬಿಟ್ಟ ಮರಿಗಳ ಭೇದಿಗೆ ಮುಖ್ಯ ಕಾರಣ ಎಂಟೆರೋಟಾಕ್ಸಿನ್ ಎಂಬ ಕರುಳಿನ ವಿಷ ಸುರಿಸುವ ಇ. ಕೋಲಿ ಬ್ಯಾಕ್ಟೀರಿಯಾ. ಇದರ ಮೈಮೇಲೆ ಎಫ್4 ಅಥವಾ ಎಫ್18 ಎಂಬ ಹೆಸರಿನ ಕೂದಲಿನಂಥ ಎಳೆಗಳಿರುತ್ತವೆ. ಕರುಳಿನ ಜೀವಕೋಶಗಳ ಮೇಲೆ ಅವಕ್ಕೆ ಹೊಂದುವ ಗ್ರಾಹಿಗಳಿದ್ದರೆ ಬ್ಯಾಕ್ಟೀರಿಯಾ ಅಲ್ಲಿ ಅಂಟಿಕೊಂಡು ಬೆಳೆಯುತ್ತದೆ, ಇಲ್ಲದಿದ್ದರೆ ಕೊಚ್ಚಿಹೋಗುತ್ತದೆ. ಅಂಟಿಕೊಂಡ ಮೇಲೆ ಅದು ಬಿಡುವ ವಿಷ ಜೀವಕೋಶವನ್ನು ಕೊಲ್ಲುವುದಿಲ್ಲ. ಜೀವಕೋಶ ಕ್ಲೋರೈಡ್ ಅಯಾನುಗಳನ್ನು ಕರುಳಿನೊಳಕ್ಕೆ ಎಡೆಬಿಡದೆ ಹೊರಹಾಕುವಂತೆ ಮಾಡುತ್ತದೆ. ಕ್ಲೋರೈಡಿನ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಮರಿ ನೀರಿನಂತೆ ಭೇದಿ ಮಾಡುತ್ತ, ಕಣ್ಣು ಗುಳಿಬಿದ್ದು, ಬೆನ್ನಮೂಳೆ ಎದ್ದು ಕಂಡು, ಕೆಲವು ಬಾರಿ ಭೇದಿ ಹೊರಗೆ ಕಾಣುವ ಮೊದಲೇ ನಿರ್ಜಲೀಕರಣದಿಂದ ಸಾಯುತ್ತದೆ. ಎಫ್18 ಎಳೆಗಳಿರುವ ಕೆಲವು ತಳಿಗಳು ಇನ್ನೊಂದು ವಿಷವನ್ನೂ ಸುರಿಸಿ, ಕಣ್ಣಿನ ರೆಪ್ಪೆ ಬಾತು ನಡೆಯುವಾಗ ತೂರಾಡುವ ಬಾವು ರೋಗವನ್ನು ತರುತ್ತವೆ.

ಈ ಮೂರೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ ಎಂಬುದೇ ಇಲ್ಲಿ ಮುಖ್ಯ. ಆಮ್ಲ ಸಾಲದ್ದರಿಂದ ಪ್ರೋಟೀನ್ ಜೀರ್ಣವಾಗುವುದಿಲ್ಲ, ಜೀರ್ಣವಾಗದ ಪ್ರೋಟೀನ್ ಬೇಡದ ಸೂಕ್ಷ್ಮಾಣುಗಳಿಗೆ ಊಟವಾಗುತ್ತದೆ, ಕರುಳು ಕೆಟ್ಟ ಮರಿ ಇನ್ನೂ ಕಡಿಮೆ ತಿನ್ನುತ್ತದೆ, ಕಡಿಮೆ ತಿಂದಷ್ಟೂ ವಿಲ್ಲೈ ಇನ್ನೂ ಕುಗ್ಗುತ್ತದೆ.

ಆಂಟಿಬಯಾಟಿಕ್ ಮತ್ತು ಸತುವಿನ ಕಾಲ

1940ರ ದಶಕದ ಕೊನೆಯಲ್ಲಿ ಅಮೆರಿಕದ ಸಂಶೋಧಕರು ಆರಿಯೋಮೈಸಿನ್ ಎಂಬ ಆಂಟಿಬಯಾಟಿಕ್‌ನ ತಯಾರಿಕೆಯಲ್ಲಿ ಉಳಿದ ಹುದುಗಿನ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ, ಅದರಲ್ಲಿದ್ದ ಬಿ12 ಜೀವಸತ್ವದಿಂದ ನಿರೀಕ್ಷಿಸಬಹುದಾದದ್ದಕ್ಕಿಂತ ಅವು ಹೆಚ್ಚು ಬೆಳೆದವು. ಆಂಟಿಬಯಾಟಿಕ್ ಅನ್ನು ಬೆಳವಣಿಗೆಗಾಗಿ ತಿನ್ನಿಸುವ ಪದ್ಧತಿ ಹೀಗೆ ಹುಟ್ಟಿ ಹಂದಿಗಳಿಗೂ ಬಂತು. ಕಡಿಮೆ ಪ್ರಮಾಣದ ಔಷಧಿಯನ್ನು ಬಹುಕಾಲ ಕೊಟ್ಟರೆ ಅದನ್ನು ತಾಳಿಕೊಳ್ಳುವ ಬ್ಯಾಕ್ಟೀರಿಯಾಗಳೇ ಆಯ್ಕೆಯಾಗಿ ಉಳಿಯುತ್ತವೆ ಎಂಬ ಎಚ್ಚರಿಕೆಯನ್ನು ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲೇ ಕೊಟ್ಟಿತ್ತು. ಸ್ವೀಡನ್ 1986ರಲ್ಲಿ ಬೆಳವಣಿಗೆಗಾಗಿ ಆಂಟಿಬಯಾಟಿಕ್ ಬೆರೆಸುವುದನ್ನು ನಿಲ್ಲಿಸಿತು; ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ ಪೂರ್ತಿ ನಿಷೇಧಿಸಿತು; ಅಮೆರಿಕ 2017ರಲ್ಲಿ (ಮನುಷ್ಯರ ಚಿಕಿತ್ಸೆಗೆ ಮುಖ್ಯವಾದ ಔಷಧಿಗಳ ಮಟ್ಟಿಗೆ), ಚೀನಾ 2020ರಲ್ಲಿ ಅದೇ ದಾರಿ ಹಿಡಿದವು. ನಡುವೆ 2015ರಲ್ಲಿ ಚೀನಾದಲ್ಲಿ ಹಂದಿಗಳು, ಹಂದಿಮಾಂಸ ಮತ್ತು ರೋಗಿಗಳಿಂದ ಪಡೆದ ಇ. ಕೋಲಿಯಲ್ಲಿ ಎಂಸಿಆರ್-1 ಎಂಬ ಜೀನ್ ಪತ್ತೆಯಾಯಿತು. ಬೇರೆ ಔಷಧಿಗಳು ಸೋತಾಗ ಮನುಷ್ಯರಿಗೆ ಕೊನೆಯದಾಗಿ ಕೊಡುವ ಕೊಲಿಸ್ಟಿನ್ ಅನ್ನು ವ್ಯರ್ಥಗೊಳಿಸುವ ಜೀನ್ ಇದು, ಮತ್ತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುವಂಥದ್ದು. ಹಂದಿಮರಿಗಳ ಭೇದಿಗೆ ಎಷ್ಟೋ ಕಡೆ ಧಾರಾಳವಾಗಿ ಬಳಸುತ್ತಿದ್ದುದು ಇದೇ ಕೊಲಿಸ್ಟಿನ್. ಈ ಸಂಗತಿಯನ್ನು ಓದಿದ ಮೇಲೂ ಹಳೆಯ ಪದ್ಧತಿಯೇ ಇರಲಿ ಎನ್ನುವುದು ನನ್ನ ಮಟ್ಟಿಗೆ ಸಾಧ್ಯವಿಲ್ಲದ ಮಾತು.

ಡೆನ್ಮಾರ್ಕಿನ ಅನುಭವ ಇಲ್ಲಿ ಹೆಚ್ಚು ಕಲಿಸುತ್ತದೆ. ಅಲ್ಲಿ 2000ದ ಹೊತ್ತಿಗೆ ಹಾಲು ಬಿಟ್ಟ ಮರಿಗಳ ಆಹಾರದಿಂದಲೂ ಬೆಳವಣಿಗೆಯ ಆಂಟಿಬಯಾಟಿಕ್ ತೆಗೆದಾಗ, ಮೊದಲ ವರ್ಷಗಳಲ್ಲಿ ಭೇದಿ ಹೆಚ್ಚಿ ಚಿಕಿತ್ಸೆಗೆಂದು ಬಳಸುವ ಔಷಧಿ ಏರಿತು. ಆದರೂ 1992ರಿಂದ 2008ರವರೆಗಿನ ಲೆಕ್ಕ ನೋಡಿದರೆ, ಉತ್ಪಾದನೆಯಾದ ಪ್ರತಿ ಕಿಲೋ ಹಂದಿಗೆ ತಗಲಿದ ಒಟ್ಟು ಆಂಟಿಬಯಾಟಿಕ್ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು, ಹಂದಿ ಸಾಕಣೆ ಬೆಳೆದೇ ಇತ್ತು. ಮೊದಲು ಕಷ್ಟ, ಆಮೇಲೆ ಹೊಂದಾಣಿಕೆ.

ಆ ಹೊಂದಾಣಿಕೆಗೆ ಬಹಳಷ್ಟು ನೆರವಾದದ್ದು ಸತುವಿನ (ಜಿಂಕ್) ಸಂಯುಕ್ತವಾದ ಜಿಂಕ್ ಆಕ್ಸೈಡ್ ಎಂಬುದನ್ನು ಮರೆಯಬಾರದು. ಮರಿಯ ಪೋಷಣೆಗೆ ಪ್ರತಿ ಕಿಲೋ ಆಹಾರದಲ್ಲಿ ಸುಮಾರು 100 ಮಿಲಿಗ್ರಾಂ ಸತು ಸಾಕು. ಆದರೆ 2,500ರಿಂದ 3,000 ಮಿಲಿಗ್ರಾಂ ಸತುವನ್ನು ಜಿಂಕ್ ಆಕ್ಸೈಡ್ ರೂಪದಲ್ಲಿ ಎರಡು ವಾರ ಕೊಟ್ಟರೆ ಭೇದಿ ಎದ್ದುಕಾಣುವಂತೆ ತಗ್ಗುತ್ತದೆ, ಮರಿ ಹೆಚ್ಚು ತಿನ್ನುತ್ತದೆ. ಇಷ್ಟು ನಂಬಿಕೆಗೆ ಅರ್ಹವಾದ ಪೂರಕ ಇನ್ನೊಂದಿಲ್ಲ. ತೊಂದರೆ ಏನೆಂದರೆ ಆ ಸತುವಿನ ಬಹುಪಾಲು ಸಗಣಿಯಲ್ಲಿ ಹೊರಬಂದು ಹೊಲದ ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಶೇಖರವಾಗುತ್ತದೆ, ಲೋಹ ಕೊಳೆಯುವುದಿಲ್ಲ. ಜೊತೆಗೆ ಸತುವನ್ನು ತಾಳುವ ಜೀನ್‌ಗಳೂ ಆಂಟಿಬಯಾಟಿಕ್ ತಾಳುವ ಜೀನ್‌ಗಳೂ ಹಲವು ಬ್ಯಾಕ್ಟೀರಿಯಾಗಳಲ್ಲಿ ಒಟ್ಟಿಗೇ ಇರುವುದರಿಂದ, ಸತು ಕೊಟ್ಟಾಗ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೂ ಬಲಿಯುತ್ತವೆ. ಐರೋಪ್ಯ ಒಕ್ಕೂಟ 2022ರ ಜೂನ್‌ನಲ್ಲಿ ಔಷಧ ಪ್ರಮಾಣದ ಜಿಂಕ್ ಆಕ್ಸೈಡನ್ನು ನಿಲ್ಲಿಸಿತು. ಅಲ್ಲಿ ಈಗ ಮರಿಗಳ ಆಹಾರದಲ್ಲಿ ಒಟ್ಟು ಸತು ಕಿಲೋಗೆ 150 ಮಿಲಿಗ್ರಾಂ ಮೀರುವಂತಿಲ್ಲ. ಪರ್ಯಾಯಗಳ ನಿಜವಾದ ಪರೀಕ್ಷೆ ಶುರುವಾದದ್ದು ಅಲ್ಲಿಂದ.

ಆಮ್ಲಗಳು, ಮತ್ತು ಆಮ್ಲವನ್ನು ನುಂಗುವ ಆಹಾರ

ಪರ್ಯಾಯಗಳಲ್ಲಿ ಅತಿ ಹೆಚ್ಚು ಅಧ್ಯಯನ ನಡೆದಿರುವುದು ಸಾವಯವ ಆಮ್ಲಗಳ ಮೇಲೆ: ಫಾರ್ಮಿಕ್, ಲ್ಯಾಕ್ಟಿಕ್, ಸಿಟ್ರಿಕ್, ಫ್ಯೂಮಾರಿಕ್, ಪ್ರೊಪಿಯೋನಿಕ್, ಬೆಂಜೋಯಿಕ್. ಇವು ಎರಡು ರೀತಿಯಲ್ಲಿ ಕೆಲಸ ಮಾಡುತ್ತವೆ. ಒಂದು, ಜಠರದ ಪಿಎಚ್ ಇಳಿಸಿ ಪೆಪ್ಸಿನ್‌ಗೆ ನೆರವಾಗುವುದು. ಇನ್ನೊಂದು, ಬ್ಯಾಕ್ಟೀರಿಯಾವನ್ನು ನೇರವಾಗಿ ಹೊಡೆಯುವುದು. ಈ ಎರಡನೆಯದಕ್ಕೆ ಒಂದು ಷರತ್ತಿದೆ. ಆಮ್ಲದ ಅಣು ಒಡೆಯದೆ ಇಡಿಯಾಗಿದ್ದಾಗ ಮಾತ್ರ ಅದು ಬ್ಯಾಕ್ಟೀರಿಯಾದ ಪೊರೆಯನ್ನು ದಾಟಬಲ್ಲದು. ಒಳಹೋದ ಮೇಲೆ, ಅಲ್ಲಿನ ಪಿಎಚ್ ಸುಮಾರು 7 ಇರುವುದರಿಂದ ಅದು ಒಡೆದು ಹೈಡ್ರೋಜನ್ ಅಯಾನನ್ನು ಬಿಡುತ್ತದೆ. ಅದನ್ನು ಹೊರದಬ್ಬಲು ಬ್ಯಾಕ್ಟೀರಿಯಾ ತನ್ನ ಶಕ್ತಿಯನ್ನೆಲ್ಲ ವ್ಯಯಿಸಿ ಬೆಳೆಯಲಾರದೆ ನಿಲ್ಲುತ್ತದೆ, ಇಲ್ಲವೇ ಸಾಯುತ್ತದೆ. ಇ. ಕೋಲಿ, ಸಾಲ್ಮೊನೆಲ್ಲಾಗಳು ಇದಕ್ಕೆ ಸುಲಭವಾಗಿ ತುತ್ತಾಗುತ್ತವೆ. ತಮ್ಮೊಳಗಿನ ಪಿಎಚ್ ಇಳಿದರೂ ಸಹಿಸಬಲ್ಲ ಲ್ಯಾಕ್ಟೋಬ್ಯಾಸಿಲಸ್‌ಗಳು ಉಳಿದುಕೊಳ್ಳುತ್ತವೆ.

ಇಡಿಯಾಗಿ ಉಳಿಯುವ ಅಣುಗಳ ಪ್ರಮಾಣ ಎಷ್ಟು ಎಂಬುದನ್ನು ಸುತ್ತಲಿನ ಪಿಎಚ್ ನಿರ್ಧರಿಸುತ್ತದೆ. ಫಾರ್ಮಿಕ್ ಆಮ್ಲವನ್ನೇ ತೆಗೆದುಕೊಂಡರೆ, ಪಿಎಚ್ 4 ಇದ್ದಾಗ ಅದರ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಇಡಿಯಾಗಿರುತ್ತದೆ. ಪಿಎಚ್ 6ಕ್ಕೆ ಏರಿದರೆ ಉಳಿಯುವುದು ಶೇ 1ಕ್ಕಿಂತ ಕಡಿಮೆ. ಆದ್ದರಿಂದ ಫಾರ್ಮಿಕ್ ಆಮ್ಲದ ಮುಖ್ಯ ರಣರಂಗ ಜಠರವೇ. ಸಣ್ಣ ಕರುಳಿನ ಕೆಳಭಾಗಕ್ಕೆ ಅದರ ಕೈ ತಲುಪುವುದಿಲ್ಲ. ಆಮ್ಲವನ್ನು ಕೊಬ್ಬಿನ ಲೇಪದೊಳಗೆ ಅಡಗಿಸಿ ಕೊಡುವ ಉತ್ಪನ್ನಗಳು ಬಂದದ್ದು ಇದೇ ಕಾರಣಕ್ಕೆ: ಲೇಪ ಕರುಳಿನಲ್ಲಿ ನಿಧಾನವಾಗಿ ಕರಗಿ ಆಮ್ಲ ಅಲ್ಲಿ ಬಿಡುಗಡೆಯಾಗುತ್ತದೆ. ಆದರೆ ಹಾಗೆ ಲೇಪಿಸಿದ ಆಮ್ಲ ಜಠರದ ಪಿಎಚ್ ಇಳಿಸುವುದಿಲ್ಲ. ಎರಡೂ ಕೆಲಸ ಒಂದೇ ಉತ್ಪನ್ನದಿಂದ ಆಗುತ್ತದೆ ಎಂದು ಯಾರಾದರೂ ಹೇಳಿದರೆ, ಎಷ್ಟು ಭಾಗ ಲೇಪಿತ, ಎಷ್ಟು ಭಾಗ ಬಿಡಿ ಎಂದು ಕೇಳಬೇಕು.

ಬೆಂಜೋಯಿಕ್ ಆಮ್ಲಕ್ಕೆ ಐರೋಪ್ಯ ಒಕ್ಕೂಟದಲ್ಲಿ ಹಾಲು ಬಿಟ್ಟ ಮರಿಗಳಿಗೆ ಕಿಲೋಗೆ 5 ಗ್ರಾಂವರೆಗೆ ಅನುಮತಿ ಇದೆ, ಮತ್ತು ಅದರ ಫಲಿತಾಂಶಗಳು ತಕ್ಕಮಟ್ಟಿಗೆ ಸ್ಥಿರವಾಗಿವೆ. ಅದು ದೇಹದಲ್ಲಿ ಹಿಪ್ಯೂರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಬರುವುದರಿಂದ ಮೂತ್ರವೂ ಹುಳಿಯಾಗಿ, ಕೊಟ್ಟಿಗೆಯಲ್ಲಿ ಅಮೋನಿಯಾ ವಾಸನೆ ತಗ್ಗುತ್ತದೆ. ಪೊಟ್ಯಾಸಿಯಂ ಡೈಫಾರ್ಮೇಟ್ ಎಂಬ ಲವಣಕ್ಕೆ 2001ರಲ್ಲಿ, ಅಂದರೆ ಪೂರ್ಣ ನಿಷೇಧಕ್ಕೂ ಮೊದಲೇ, ಅಲ್ಲಿ ಆಂಟಿಬಯಾಟಿಕ್ ಅಲ್ಲದ ಬೆಳವಣಿಗೆ ಪೂರಕವಾಗಿ ಅನುಮತಿ ಸಿಕ್ಕಿತ್ತು. ದ್ರವರೂಪದ ಫಾರ್ಮಿಕ್ ಆಮ್ಲ ಕೈ ಸುಡುತ್ತದೆ, ಯಂತ್ರಗಳ ಕಬ್ಬಿಣ ತಿನ್ನುತ್ತದೆ. ಲವಣರೂಪಗಳು ಬಳಸಲು ಸುಲಭ.

ಇನ್ನು, ಆಮ್ಲ ಹಾಕಿದರೂ ಫಲ ಕಾಣಲಿಲ್ಲ ಎಂದು ಹೇಳುವವರ ಆಹಾರ ಮಿಶ್ರಣದ ಪಟ್ಟಿಯನ್ನು ಒಮ್ಮೆ ನೋಡಬೇಕು. ಒಣಗಿದ ನೆಲ ಮೊದಲ ಮಳೆಯನ್ನು ಹೀರಿಬಿಡುವಂತೆ, ಆಹಾರದ ಕೆಲವು ಪದಾರ್ಥಗಳು ಆಮ್ಲವನ್ನು ಹೀರಿಬಿಡುತ್ತವೆ. ಇದನ್ನು ಆಮ್ಲಬಂಧಕ ಸಾಮರ್ಥ್ಯ ಎನ್ನುತ್ತಾರೆ, ಅಳೆಯುವ ವಿಧಾನವೂ ಸರಳ. ಪುಡಿ ಮಾಡಿದ ಅರ್ಧ ಗ್ರಾಂ ಪದಾರ್ಥವನ್ನು 50 ಮಿಲಿಲೀಟರ್ ಶುದ್ಧ ನೀರಿನಲ್ಲಿ ಕಲಕುತ್ತ, 0.1 ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡುತ್ತ, ಪಿಎಚ್ 4ಕ್ಕೆ ಇಳಿಯಲು ಎಷ್ಟು ಆಮ್ಲ ಬೇಕಾಯಿತು ಎಂದು ನೋಡುವುದು. ಜೋಳ, ಗೋಧಿಯಂಥ ಧಾನ್ಯಗಳಿಗೆ ಬೇಕಾಗುವುದು ತೀರ ಕಡಿಮೆ. ಸೋಯಾ ಹಿಂಡಿ, ಮೀನಿನ ಪುಡಿಗಳಿಗೆ ಅದರ ಎಷ್ಟೋ ಪಟ್ಟು. ಸುಣ್ಣದ ಕಲ್ಲಿನ ಪುಡಿಗೆ ಧಾನ್ಯಗಳ ನೂರು ಪಟ್ಟಿಗೂ ಮಿಕ್ಕಿ. ಜಿಂಕ್ ಆಕ್ಸೈಡ್ ಕೂಡ ಇದೇ ಸಾಲಿನದು.

ಒಂದು ಲೆಕ್ಕ ಹಾಕಿ ನೋಡೋಣ. ಕಿಲೋ ಆಹಾರದಲ್ಲಿ 10 ಗ್ರಾಂ ಸುಣ್ಣದ ಕಲ್ಲಿನ ಪುಡಿ ಇದೆ ಎಂದುಕೊಳ್ಳಿ. ಅದು ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದ್ದರೆ, 9 ಗ್ರಾಂಗೂ ಹೆಚ್ಚು ಫಾರ್ಮಿಕ್ ಆಮ್ಲವನ್ನು ತಟಸ್ಥಗೊಳಿಸಬಲ್ಲದು. ಸಾಕುವವರು ದುಡ್ಡು ಕೊಟ್ಟು ಬೆರೆಸುವುದು ಹೆಚ್ಚೆಂದರೆ 5ರಿಂದ 10 ಗ್ರಾಂ. ಅಂದರೆ ಒಂದು ಕೈಯಿಂದ ಹಾಕಿದ ಆಮ್ಲವನ್ನು ಇನ್ನೊಂದು ಕೈಯಿಂದ ಹಾಕಿದ ಸುಣ್ಣ ನುಂಗಿಹಾಕುತ್ತದೆ. ಹಾಲು ಬಿಡಿಸಿದ ಮೊದಲ ಎರಡು ವಾರಗಳ ಮಟ್ಟಿಗೆ ಈ ಪುಡಿಯನ್ನು ಕಡಿಮೆ ಮಾಡಿ, ಬೇಕಾದ ಕ್ಯಾಲ್ಸಿಯಂನ ಒಂದಷ್ಟನ್ನು ಕ್ಯಾಲ್ಸಿಯಂ ಫಾರ್ಮೇಟ್‌ನಿಂದ ಕೊಟ್ಟು, ಫೈಟೇಸ್ ಕಿಣ್ವದಿಂದ ಧಾನ್ಯಗಳಲ್ಲಿ ಬಂಧಿತವಾದ ರಂಜಕವನ್ನೂ ಕ್ಯಾಲ್ಸಿಯಂ ಅನ್ನೂ ಬಿಡಿಸಿಕೊಂಡರೆ ಮೂಳೆಗೆ ಕೊರತೆಯಾಗದೆ ಜಠರ ಹುಳಿಯಾಗಿ ಉಳಿಯುತ್ತದೆ. ಹೊಸ ಪೂರಕ ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದದ್ದು ಈ ಬದಲಾವಣೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅದೇ ಸಾಲಿನಲ್ಲಿ ಬರುವುದು ಪ್ರೋಟೀನ್ ಇಳಿಸುವುದು. ಮರಿ ಬೇಗ ಬೆಳೆಯಲೆಂದು ಆಹಾರದಲ್ಲಿ ಶೇ 21ರಿಂದ 23ರಷ್ಟು ಕಚ್ಚಾ ಪ್ರೋಟೀನ್ ಇಡುವ ರೂಢಿ ಇದೆ. ಅದನ್ನು ಮೊದಲ ವಾರಗಳಲ್ಲಿ ಶೇ 17-18ಕ್ಕೆ ಇಳಿಸಿ, ಕೊರತೆಯಾಗುವ ಅಮೈನೋ ಆಮ್ಲಗಳಾದ (ಪ್ರೋಟೀನಿನ ಬಿಡಿ ಘಟಕಗಳು) ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್, ಟ್ರಿಪ್ಟೋಫ್ಯಾನ್, ವ್ಯಾಲಿನ್‌ಗಳನ್ನು ಬಿಡಿಬಿಡಿಯಾಗಿ ಸೇರಿಸಿದರೆ, ದೊಡ್ಡ ಕರುಳಿಗೆ ಹೋಗಿ ಕೊಳೆಯುವ ಪ್ರೋಟೀನ್ ಕಡಿಮೆಯಾಗಿ ಭೇದಿಯೂ ತಗ್ಗುತ್ತದೆ. ಆಹಾರದ ಆಮ್ಲಬಂಧಕ ಗುಣವೂ ಇಳಿಯುತ್ತದೆ. ಅಮೈನೋ ಆಮ್ಲಗಳ ಲೆಕ್ಕ ತಪ್ಪಿದರೆ ಮಾತ್ರ ಬೆಳವಣಿಗೆ ಕುಂಟುತ್ತದೆ; ಇದು ಅಂದಾಜಿನಲ್ಲಿ ಮಾಡುವ ಕೆಲಸವಲ್ಲ.

ಕರುಳಿನ ಕೆಳಭಾಗಕ್ಕೆ ಹೋಗುವವು

ತೆಂಗಿನ ಎಣ್ಣೆಯಲ್ಲಿ ಹೇರಳವಾಗಿರುವ ಮಧ್ಯಮ ಸರಪಳಿಯ ಕೊಬ್ಬಿನಾಮ್ಲಗಳು, ಅಂದರೆ ಕ್ಯಾಪ್ರಿಲಿಕ್, ಕ್ಯಾಪ್ರಿಕ್, ಲಾರಿಕ್ ಆಮ್ಲಗಳು, ಬ್ಯಾಕ್ಟೀರಿಯಾದ ಪೊರೆಯನ್ನು ಸಡಿಲಿಸುತ್ತವೆ. ಲಾರಿಕ್ ಆಮ್ಲ ಸ್ಟ್ರೆಪ್ಟೊಕಾಕಸ್‌ನಂಥ ಗ್ರಾಮ್ ಪಾಸಿಟಿವ್ ಬ್ಯಾಕ್ಟೀರಿಯಾಗಳ ಮೇಲೆ ಚುರುಕು, ಇ. ಕೋಲಿಯ ಮೇಲೆ ಇವುಗಳಲ್ಲೇ ಚಿಕ್ಕ ಸರಪಳಿಯವಾದ ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಹೆಚ್ಚು ಕೆಲಸ ಮಾಡುತ್ತವೆ. ಎಣ್ಣೆಯ ರೂಪದಲ್ಲಿ ಕೊಟ್ಟರೆ ಕಿಣ್ವಗಳು ಅದನ್ನು ಒಡೆದು ಆಮ್ಲ ಬಿಡುಗಡೆಯಾಗಬೇಕು. ಬಿಡಿ ಆಮ್ಲವಾಗಿ ಕೊಟ್ಟರೆ ಆಡಿನಂಥ ಗಾಢ ವಾಸನೆಗೆ ಮರಿ ಮುಖ ತಿರುಗಿಸುತ್ತದೆ. ಬ್ಯುಟಿರಿಕ್ ಆಮ್ಲದ ಕತೆ ಬೇರೆ. ಅದು ದೊಡ್ಡ ಕರುಳಿನ ಜೀವಕೋಶಗಳ ನೆಚ್ಚಿನ ಇಂಧನ. ರೋಗಾಣುವನ್ನು ಹೊಡೆಯುವುದಕ್ಕಿಂತ ಕರುಳಿನ ಗೋಡೆಯನ್ನು ಕಟ್ಟುವುದು ಅದರ ಮುಖ್ಯ ಕೆಲಸ.

ಪ್ರೋಬಯಾಟಿಕ್‌ಗಳ ವಿಷಯದಲ್ಲಿ ಭರವಸೆಯೂ ಗೊಂದಲವೂ ಸಮಸಮವಾಗಿವೆ. ‘ಪ್ರೋಬಯಾಟಿಕ್ ಕೊಟ್ಟೆ’ ಎಂಬ ಮಾತಿಗೆ ಅಷ್ಟಾಗಿ ಅರ್ಥವಿಲ್ಲ, ಯಾವ ಜಾತಿ, ಅದರಲ್ಲೂ ಯಾವ ತಳಿ, ಎಷ್ಟು ಜೀವಂತ ಸಂಖ್ಯೆ ಎಂಬುದರ ಮೇಲೆ ಎಲ್ಲ ನಿಂತಿದೆ. ಒಂದು ತಳಿಯ ಗುಣವನ್ನು ಅದೇ ಹೆಸರಿನ ಇನ್ನೊಂದು ತಳಿಗೆ ಆರೋಪಿಸಲಾಗದು. ಆಹಾರವನ್ನು ಉಗಿಯಲ್ಲಿ ಕಾಯಿಸಿ ಗುಳಿಗೆಯಾಗಿ ಒತ್ತುವಾಗ ಶಾಖ 70-80 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ರಕ್ಷಣೆಯ ಲೇಪವಿಲ್ಲದ ಲ್ಯಾಕ್ಟೋಬ್ಯಾಸಿಲಸ್‌ಗಳು ಅಲ್ಲೇ ಸಾಯುತ್ತವೆ. ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ಗಳು ಬೀಜಕಗಳ ರೂಪದಲ್ಲಿರುವುದರಿಂದ ಆ ಶಾಖವನ್ನು ದಾಟಿ ಮರಿಯ ಕರುಳಿನಲ್ಲಿ ಮೊಳೆಯುತ್ತವೆ. ಗುಳಿಗೆ ಆಹಾರ ಕೊಡುವವರು ಬ್ಯಾಸಿಲಸ್ ಆರಿಸಿಕೊಳ್ಳುವುದಕ್ಕೆ ಕಾರಣ ಇದು. ಸಮಯವೂ ಮುಖ್ಯ. ರೋಗಾಣು ಅಂಟಿಕೊಂಡ ಮೇಲೆ ಕೊಟ್ಟ ಪ್ರೋಬಯಾಟಿಕ್ ತಡವಾಗಿ ಬಂದ ನೆಂಟ. ತಾಯಿಯ ಜೊತೆ ಇರುವಾಗಲೇ, ಸಾಧ್ಯವಿದ್ದರೆ ತಾಯಿಹಂದಿಯ ಆಹಾರದಲ್ಲೂ, ಶುರುಮಾಡುವುದು ಹೆಚ್ಚು ಅರ್ಥಪೂರ್ಣ.

ಯೀಸ್ಟ್ ಕೋಶಗಳ ಗೋಡೆಯಿಂದ ತೆಗೆದ ಮ್ಯಾನ್ನಾನ್ ಸಕ್ಕರೆಗಳು ಇ. ಕೋಲಿಯ ಎಳೆಗಳಿಗೆ ಅಂಟಿಕೊಂಡು ಅದನ್ನು ಹೊರಸಾಗಿಸುತ್ತವೆ ಎಂಬ ವಿವರಣೆ ಎಲ್ಲೆಡೆ ಕಾಣುತ್ತದೆ. ಇದನ್ನು ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕು. ಮ್ಯಾನೋಸ್ ಸಕ್ಕರೆಗೆ ಅಂಟುವುದು ಟೈಪ್ 1 ಎಂಬ ಬಗೆಯ ಎಳೆಗಳು. ಹಂದಿಮರಿಯನ್ನು ಕಾಡುವ ಎಫ್4 ಮತ್ತು ಎಫ್18 ಎಳೆಗಳು ಮ್ಯಾನೋಸನ್ನು ಹಿಡಿಯುವುದಿಲ್ಲ. ಹಾಗಾಗಿ ಈ ಉತ್ಪನ್ನಗಳಿಂದ ಪ್ರಯೋಜನ ಕಂಡಲ್ಲಿ ಅದು ರೋಗನಿರೋಧಕ ಶಕ್ತಿಯ ಮೇಲಿನ ಪರಿಣಾಮದಿಂದ, ಅಥವಾ ಬೇರೆ ಬ್ಯಾಕ್ಟೀರಿಯಾಗಳ ಮೇಲಿನ ಪರಿಣಾಮದಿಂದ ಬಂದಿರಬಹುದು. ಎಫ್4 ಭೇದಿಗೆ ಇದೇ ಮದ್ದು ಎನ್ನಲು ಆಧಾರ ಸಾಲದು.

ನೇರವಾಗಿ ಎಫ್4ನ್ನು ಗುರಿಯಾಗಿಟ್ಟ ಮಾರ್ಗಗಳೂ ಇವೆ. ಕೋಳಿಗಳಿಗೆ ಆ ರೋಗಾಣುವಿನ ಲಸಿಕೆ ಹಾಕಿ, ಅವುಗಳ ಮೊಟ್ಟೆಯ ಹಳದಿಯಲ್ಲಿ ಬರುವ ಪ್ರತಿಕಾಯಗಳನ್ನು ಒಣಗಿಸಿ ಮರಿಗೆ ಕೊಡುವುದು ಒಂದು. ಕಸಾಯಿಖಾನೆಯಲ್ಲಿ ಸಂಗ್ರಹಿಸಿದ ರಕ್ತದ ಪ್ಲಾಸ್ಮಾವನ್ನು ತುಂತುರಾಗಿ ಒಣಗಿಸಿದ ಪುಡಿ ಇನ್ನೊಂದು. ಆಹಾರದಲ್ಲಿ ಶೇ 4ರಿಂದ 6ರಷ್ಟು ಈ ಪುಡಿ ಬೆರೆಸಿದರೆ ಮರಿಗಳು ಮೊದಲ ವಾರದಲ್ಲೇ ಗಮನಾರ್ಹವಾಗಿ ಹೆಚ್ಚು ತಿನ್ನುತ್ತವೆ. ಅದರಲ್ಲಿನ ಪ್ರತಿಕಾಯಗಳು ಕರುಳಿನಲ್ಲಿ ರೋಗಾಣುಗಳನ್ನು ತಡೆಯುತ್ತವೆ. ಸತುವಿನ ನಂತರ ಅತಿ ಹೆಚ್ಚು ನೆಚ್ಚಬಹುದಾದ ಪದಾರ್ಥ ಇದೇ ಎಂದು ನನಗನ್ನಿಸುತ್ತದೆ. ಬೆಲೆ ಮಾತ್ರ ದುಬಾರಿ, ಮತ್ತು ಹಂದಿಯ ರಕ್ತವನ್ನು ಹಂದಿಗೇ ಕೊಡುವಾಗ ವೈರಸ್ ದಾಟುವ ಭಯವಿರುವುದರಿಂದ ತಯಾರಿಕೆಯ ಶಾಖ, ಶೇಖರಣೆಯ ಅವಧಿಗಳ ನಿಯಮ ಬಿಗಿಯಾಗಿರಬೇಕು. ಕೆಲವು ದೇಶಗಳಲ್ಲಿ ಇದಕ್ಕೆ ಅನುಮತಿಯೇ ಇಲ್ಲ.

ಸಸ್ಯಸಾರಗಳಲ್ಲಿ ಮುಖ್ಯವಾದವು ಓಮದ ಘಮಕ್ಕೆ ಕಾರಣವಾದ ಥೈಮಾಲ್, ಅದರ ಸೋದರ ಕಾರ್ವಕ್ರಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್. ಪ್ರಯೋಗಾಲಯದ ತಟ್ಟೆಯಲ್ಲಿ ಇವು ಇ. ಕೋಲಿಯನ್ನು ಚೆನ್ನಾಗಿಯೇ ಕೊಲ್ಲುತ್ತವೆ. ಮರಿಯೊಳಗೆ ಎರಡು ಅಡ್ಡಿಗಳು: ಇವು ಎಣ್ಣೆಗೆ ಒಗ್ಗುವ ವಸ್ತುಗಳಾದ್ದರಿಂದ ಆಹಾರದ ಕೊಬ್ಬು, ಪ್ರೋಟೀನ್‌ಗಳಿಗೆ ಅಂಟಿಕೊಂಡು ಬಲ ಕಳೆದುಕೊಳ್ಳುತ್ತವೆ, ಉಳಿದದ್ದು ಜಠರ ಮತ್ತು ಸಣ್ಣ ಕರುಳಿನ ಮೇಲ್ಭಾಗದಲ್ಲೇ ರಕ್ತಕ್ಕೆ ಸೇರಿಬಿಡುತ್ತದೆ. ಪ್ರಮಾಣ ಹೆಚ್ಚಿಸೋಣವೆಂದರೆ ಖಾರದ ವಾಸನೆಗೆ ಮರಿ ತಿನ್ನುವುದನ್ನೇ ಬಿಡುತ್ತದೆ. ಕ್ಸೈಲನೇಸ್, ಪ್ರೋಟಿಯೇಸ್ ಮುಂತಾದ ಕಿಣ್ವಗಳು ಜೀರ್ಣವಾಗದೆ ಉಳಿಯುವ ಆಹಾರವನ್ನು ಕಡಿಮೆ ಮಾಡಿ ಪರೋಕ್ಷವಾಗಿ ನೆರವಾಗುತ್ತವೆ. ಓಟ್ಸ್‌ನ ಹೊಟ್ಟಿನಂಥ ಕರಗದ ನಾರನ್ನು ಶೇ 2ರ ಆಸುಪಾಸು ಬೆರೆಸುವುದೂ ಭೇದಿ ತಗ್ಗಿಸುತ್ತದೆ. ಎಳೆಮರಿಗೆ ನಾರು ಬೇಡವೇ ಬೇಡ ಎಂಬ ಹಳೆಯ ನಂಬಿಕೆಯನ್ನು ಇದು ತಿದ್ದಿದೆ.

ಆಯ್ಕೆ ಮತ್ತು ಪರೀಕ್ಷೆ

ಒಂದೇ ಪೂರಕದ ಬಗ್ಗೆ ಒಂದು ಅಧ್ಯಯನ ಲಾಭವೆಂದೂ ಇನ್ನೊಂದು ವ್ಯತ್ಯಾಸವಿಲ್ಲವೆಂದೂ ಹೇಳುವುದನ್ನು ಕಂಡು ಸಾಕುವವರು ಬೇಸರಪಡುತ್ತಾರೆ. ಇದಕ್ಕೆ ಕಾರಣ ಉಂಟು. ಸಂಶೋಧನಾ ಕೇಂದ್ರದ ಕೊಟ್ಟಿಗೆ ತೊಳೆದು ಒಣಗಿಸಿ ಶುಚಿಯಾಗಿರುತ್ತದೆ, ಮರಿಗಳೂ ಗಟ್ಟಿಮುಟ್ಟು. ಅಲ್ಲಿ ತಡೆಯಬೇಕಾದ ರೋಗವೇ ಕಡಿಮೆ ಇರುವಾಗ ಯಾವ ಪೂರಕವೂ ಲಾಭ ತೋರಿಸಲಾರದು. ಸೋಂಕಿನ ಒತ್ತಡ ಹೆಚ್ಚಿರುವ ಕೊಟ್ಟಿಗೆಯಲ್ಲಿ ಅದೇ ಪೂರಕ ಎದ್ದುಕಾಣುವ ಫಲ ಕೊಡಬಹುದು. ಹೋಲಿಕೆಗೆ ಇಟ್ಟ ಆಹಾರದಲ್ಲಿ ಎಷ್ಟು ಪ್ರೋಟೀನ್ ಇತ್ತು, ಸತು ಎಷ್ಟಿತ್ತು, ಎಷ್ಟು ದಿನದ ಮರಿಗಳು ಎಂಬುದನ್ನು ನೋಡದೆ ‘ಶೇಕಡಾ ಇಷ್ಟು ಬೆಳವಣಿಗೆ’ ಎಂಬ ಸಾಲನ್ನು ಮಾತ್ರ ಓದುವುದರಿಂದ ಉಪಯೋಗವಿಲ್ಲ. ಹಲವು ಪೂರಕಗಳನ್ನು ಕಲಸಿ, ಯಾವುದು ಎಷ್ಟಿದೆ ಎಂದು ಹೇಳದೆ ಮಾರುವ ಮಿಶ್ರಣಗಳಿಂದ ದೂರವಿರುವುದು ಲೇಸು. ಆರು ಪದಾರ್ಥಗಳಲ್ಲಿ ಒಂದೂ ಕೆಲಸ ಮಾಡುವಷ್ಟು ಪ್ರಮಾಣದಲ್ಲಿ ಇಲ್ಲದಿರುವ ಸಂಭವ ಅಲ್ಲಿ ಹೆಚ್ಚು.

ನನ್ನ ದೃಷ್ಟಿಯಲ್ಲಿ ಕ್ರಮ ಹೀಗಿರಬೇಕು. ಮೊದಲು ಮರಿ ತಿನ್ನುವಂತೆ ಮಾಡುವುದು: ತಾಯಿಯ ಜೊತೆ ಇರುವಾಗಲೇ ಒಣ ಆಹಾರದ ರುಚಿ ಹತ್ತಿಸುವುದು, ಹಾಲು ಬಿಡಿಸಿದ ದಿನದಿಂದ ಬೆಚ್ಚಗಿನ ಒಣ ಜಾಗ ಕೊಡುವುದು, ಮೊದಲ ಎರಡು ಮೂರು ದಿನ ನೀರಿನಲ್ಲಿ ಕಲಸಿದ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಇಡುವುದು, ಕುಡಿಯುವ ನೀರಿನ ನಳಿಗೆಗಳು ಮರಿಯ ಎತ್ತರಕ್ಕಿದ್ದು ಸರಿಯಾಗಿ ಹರಿಯುತ್ತಿವೆಯೇ ಎಂದು ನೋಡುವುದು. ಆಮೇಲೆ ಪ್ರೋಟೀನನ್ನೂ ಸುಣ್ಣದ ಪುಡಿಯನ್ನೂ ಇಳಿಸುವುದು. ಅದಾದ ಮೇಲೆ ಆಮ್ಲ. ನಂತರ ಆ ಕೊಟ್ಟಿಗೆಯಲ್ಲಿ ಕಾಡುತ್ತಿರುವುದು ಏನು ಎಂದು ಪಶುವೈದ್ಯರ ಮೂಲಕ ಸಗಣಿ ಪರೀಕ್ಷೆ ಮಾಡಿಸಿ ತಿಳಿದು, ಅದಕ್ಕೆ ತಕ್ಕಂತೆ ಉಳಿದದ್ದನ್ನು ಆರಿಸುವುದು. ಎಫ್4 ಅಥವಾ ಎಫ್18 ಖಚಿತವಾದರೆ ಬಾಯಿಯ ಮೂಲಕ ಕೊಡುವ ಲಸಿಕೆಯೂ, ಎಫ್4ಗೆ ಗ್ರಾಹಿಯೇ ಇಲ್ಲದ ತಳಿಯ ಹಂದಿಗಳ ಆಯ್ಕೆಯೂ ಪೂರಕಗಳಿಗಿಂತ ಗಟ್ಟಿಯಾದ ದಾರಿಗಳು. ರೋಗ ಬಂದೇ ಬಿಟ್ಟ ಮರಿಗೆ ಪಶುವೈದ್ಯರು ಹೇಳಿದ ಆಂಟಿಬಯಾಟಿಕ್ ಚಿಕಿತ್ಸೆಯನ್ನು ಪೂರ್ತಿ ಕೊಡಲೇಬೇಕು. ಇಷ್ಟೆಲ್ಲ ಪ್ರಯತ್ನ ಆ ಔಷಧಿ ಅಂಥ ದಿನಕ್ಕೆ ಕೆಲಸ ಮಾಡುವಂತೆ ಉಳಿಸಿಕೊಳ್ಳುವುದಕ್ಕೇ.

ಹೊಸ ಪೂರಕವೊಂದನ್ನು ಸ್ವಂತ ಕೊಟ್ಟಿಗೆಯಲ್ಲಿ ಪರೀಕ್ಷಿಸುವವರು ‘ಹಿಂದಿನ ತಂಡಕ್ಕಿಂತ ಈ ತಂಡ ಚೆನ್ನಾಗಿದೆ’ ಎಂಬ ಹೋಲಿಕೆಯನ್ನು ನಂಬಬಾರದು, ಏಕೆಂದರೆ ಎರಡು ತಂಡಗಳ ನಡುವೆ ಹವೆ, ಮರಿಗಳ ತೂಕ, ಧಾನ್ಯದ ಗುಣ ಎಲ್ಲವೂ ಬದಲಾಗಿರುತ್ತವೆ. ಒಂದೇ ದಿನ ಹಾಲು ಬಿಡಿಸಿದ ಪ್ರತಿ ಸೂಲಿನ ಮರಿಗಳನ್ನೂ ತೂಕ ನೋಡಿ ಎರಡು ಪಾಲು ಮಾಡಿ, ಅದೇ ಕೊಟ್ಟಿಗೆಯ ಬೇರೆ ಬೇರೆ ಅಂಕಣಗಳಲ್ಲಿ ಬಿಟ್ಟು, ಅರ್ಧ ಅಂಕಣಗಳಿಗೆ ಪೂರಕವಿರುವ, ಅರ್ಧಕ್ಕೆ ಇಲ್ಲದ ಆಹಾರ ಕೊಡಬೇಕು. ಒಂದು ಅಂಕಣದ ಮರಿಗಳು ಒಂದೇ ತೊಟ್ಟಿಯಲ್ಲಿ ತಿಂದು ಒಂದೇ ಸೋಂಕನ್ನು ಹಂಚಿಕೊಳ್ಳುವುದರಿಂದ ಲೆಕ್ಕಕ್ಕೆ ಬರುವುದು ಮರಿಗಳ ಸಂಖ್ಯೆಯಲ್ಲ, ಅಂಕಣಗಳ ಸಂಖ್ಯೆ. ಇಕ್ಕೆಲಕ್ಕೆ ಒಂದೊಂದೇ ಅಂಕಣವಿದ್ದರೆ ಫಲಿತಾಂಶ ಏನನ್ನೂ ಹೇಳುವುದಿಲ್ಲ. ಅದೇ ಹೋಲಿಕೆಯನ್ನು ಮುಂದಿನ ಹಲವು ತಂಡಗಳಲ್ಲಿ ಪುನರಾವರ್ತಿಸಿ, ಪ್ರತಿ ಅಂಕಣಕ್ಕೂ ತಿಂದ ಆಹಾರ, ಏಳನೆಯ ಮತ್ತು ಹದಿನಾಲ್ಕನೆಯ ದಿನದ ತೂಕ, ಭೇದಿ ಕಂಡ ದಿನಗಳು, ಔಷಧಿ ಚುಚ್ಚಿದ ಮರಿಗಳು, ಸತ್ತ ಮರಿಗಳು ಇವಿಷ್ಟನ್ನು ಬರೆದಿಡಬೇಕು. ಎರಡೂ ಕಡೆ ಸಗಣಿ ನೋಡಿ ಅಂಕ ಹಾಕುವವರಿಗೆ ಯಾವ ಅಂಕಣಕ್ಕೆ ಯಾವ ಆಹಾರ ಎಂಬುದು ತಿಳಿದಿರದಿದ್ದರೆ ಆ ಅಂಕಗಳನ್ನು ಹೆಚ್ಚು ನಂಬಬಹುದು.